ತಡೆದ ಗೋಲಿನ ಲೆಕ್ಕ

ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಬಂದರೆ ವರದಿಯ ಕೊನೆಯಲ್ಲಿ, ಬಾರದಿದ್ದರೂ ಕೇಳುವವರಿಲ್ಲ. ಫುಟ್‌ಬಾಲ್ ಆಗಲಿ, ಹಾಕಿ ಆಗಲಿ, ಇದು ಮೈದಾನದ ಹಳೆಯ ರೂಢಿ. ನಮ್ಮ ಗಲ್ಲಿಗಳಲ್ಲಿ ಹುಡುಗರು ಆಡುವಾಗಲೂ ಅಷ್ಟೇ. ಓಡಲಾರದವನನ್ನು, ಎಲ್ಲರಿಗಿಂತ ಚಿಕ್ಕವನನ್ನು ಹಿಂದೆ ನಿಲ್ಲಿಸಿ, ಉಳಿದವರೆಲ್ಲ ಗೋಲು ಹೊಡೆಯಲು ಮುಂದೆ ಓಡುತ್ತಾರೆ.

ದೂರದ ಫ್ರಾನ್ಸ್‌ನಿಂದ ಒಂದು ಉದಾಹರಣೆ ನೋಡಿ. ಲಿಲಿಯನ್ ತುರಾಂ ಎಂಬ ರಕ್ಷಣಾ ಆಟಗಾರ ಫ್ರಾನ್ಸ್ ತಂಡಕ್ಕಾಗಿ 142 ಪಂದ್ಯಗಳನ್ನು ಆಡಿದರು. ಅಷ್ಟು ಪಂದ್ಯಗಳಲ್ಲಿ ಅವರು ಹೊಡೆದದ್ದು ಎರಡೇ ಗೋಲು. ಎರಡೂ ಒಂದೇ ಪಂದ್ಯದಲ್ಲಿ, 1998ರ ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ, ಕ್ರೊಯೇಷಿಯಾ ವಿರುದ್ಧ. ಆ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟದ್ದು ಕೂಡ ಎರಡೇ ಗೋಲು. ಆದರೆ ತುರಾಂ ಎಂದೊಡನೆ ಜನ ಇಂದಿಗೂ ನೆನೆಯುವುದು ಅವರು ಹೊಡೆದ ಆ ಎರಡನ್ನು. ಉಳಿದ 141 ಪಂದ್ಯಗಳಲ್ಲಿ ಅವರು ತಡೆದದ್ದೆಷ್ಟು ಎಂದು ಕೇಳಿದರೆ ಉತ್ತರ ಹೇಳುವವರು ಅಪರೂಪ.

ತುರಾಂ ಅವರಿಗೆ ಆ ಎರಡು ಗೋಲುಗಳಾದರೂ ಇವೆ. ಒಂದೂ ಗೋಲು ಹೊಡೆಯದೆ, ಹೊಡೆಯುವ ಅವಕಾಶವೂ ಇಲ್ಲದೆ, ದೇಶಕ್ಕೆ ಎರಡು ಒಲಿಂಪಿಕ್ ಚಿನ್ನ ತರಲು ನೆರವಾದ ಆಟಗಾರರೊಬ್ಬರು ನಮ್ಮಲ್ಲಿದ್ದರು. ಅವರ ಬದುಕಿನ ಒಂದು ಎಳೆ ನಮ್ಮ ಬೆಳಗಾವಿಯ ಕ್ಯಾಂಪ್ ಪ್ರದೇಶಕ್ಕೆ ಬಂದು ಸೇರುತ್ತದೆ. ಅವರೇ ಹಾಕಿಯ ಗೋಲ್‌ಕೀಪರ್ ಶಂಕರ ಲಕ್ಷ್ಮಣ.

ಲಕ್ಷ್ಮಣ ಬೆಳಗಾವಿಯಲ್ಲಿ ಹುಟ್ಟಿದವರಲ್ಲ. ಅವರ ಊರು ಮಧ್ಯಪ್ರದೇಶದ ಮಹು. ಹುಟ್ಟಿದ್ದು 1933ರ ಜುಲೈ 7ರಂದು. ಅವರನ್ನು ಬೆಳಗಾವಿಗೆ ಜೋಡಿಸಿದ್ದು ಅವರು ತೊಟ್ಟ ಸಮವಸ್ತ್ರ. 1947ರಲ್ಲಿ, ಮೀಸೆ ಮೂಡುವ ಮೊದಲೇ, ಸೇನೆಯ ವಾದ್ಯತಂಡದ ಹುಡುಗನಾಗಿ ಅವರು ಸೇರಿದ್ದು ಮರಾಠಾ ಲಘು ಪದಾತಿ ದಳವನ್ನು. 1768ರಷ್ಟು ಹಿಂದೆ ಮುಂಬಯಿಯಲ್ಲಿ ಬೇರು ಬಿಟ್ಟ ಈ ದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. 'ಕರ್ತವ್ಯ, ಮಾನ, ಸಾಹಸ' ಎಂಬುದು ದಳದ ಧ್ಯೇಯವಾಕ್ಯ.

ಈ ಕೇಂದ್ರಕ್ಕೂ ಸುತ್ತಲಿನ ನಾಡಿಗೂ ಇರುವ ನಂಟನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರದ ದಾರಿ ಹಿಡಿದರೆ ಎಡಬಲದ ಹಳ್ಳಿಗಳಲ್ಲಿ ಸೇನೆಗೆ ಹೋದವರು, ಹೋಗಿ ನಿವೃತ್ತರಾಗಿ ಬಂದವರು ಸಿಗುತ್ತಾರೆ. ಕನ್ನಡದ ಮನೆಯೂ ಉಂಟು, ಮರಾಠಿಯ ಮನೆಯೂ ಉಂಟು. ಮಳೆ ಹೆಚ್ಚು, ಹೊಲ ಕಡಿಮೆ, ಕಾಡೇ ಬಹಳವಿರುವ ಖಾನಾಪುರ ತಾಲ್ಲೂಕಿನ ಹುಡುಗನಿಗೆ ದಳದ ಭರ್ತಿ ಎಂದರೆ ನೌಕರಿ, ಮರ್ಯಾದೆ, ಮುಂದೆ ಪಿಂಚಣಿ. ಲಕ್ಷ್ಮಣರಂಥ ಆಟಗಾರರ ಬದುಕು ತಿಳಿಯಬೇಕಾದರೆ ಈ ಲೆಕ್ಕಾಚಾರ ನೆನಪಿರಬೇಕು. ಏಕೆಂದರೆ ಅವರಿಗೆ ಅನ್ನ ಕೊಟ್ಟದ್ದು ಆಟವಲ್ಲ, ಸಿಪಾಯಿಗಿರಿ.

ಫ್ರಾನ್ಸ್ 1932ರಲ್ಲಿಯೇ ಫುಟ್‌ಬಾಲನ್ನು ವೃತ್ತಿಯೆಂದು ಒಪ್ಪಿಕೊಂಡಿತ್ತು. ಅಲ್ಲಿನ ಆಟಗಾರನಿಗೆ ಕ್ಲಬ್ಬಿನೊಡನೆ ಕರಾರು, ಸಂಬಳ ಉಂಟು. 1961ರಲ್ಲಿ ಆಟಗಾರರು ತಮ್ಮದೇ ಸಂಘವನ್ನೂ ಕಟ್ಟಿಕೊಂಡರು. ನಮ್ಮ ಹಾಕಿಯ ದಾರಿ ಬೇರೆ. ಆಡಿದ್ದಕ್ಕೆ ಹಣ ಪಡೆದವನಿಗೆ ಆ ಕಾಲದ ಒಲಿಂಪಿಕ್ಸ್‌ನಲ್ಲಿ ಪ್ರವೇಶವೇ ಇರಲಿಲ್ಲ. ಹಾಗಾಗಿ ನಮ್ಮ ಆಟಗಾರರು ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳನ್ನು ಆಶ್ರಯಿಸಿದರು. ಹಗಲು ಕವಾಯತು, ಸಂಜೆ ಮೈದಾನ. ಪದಕ ಬಂದರೆ ದೇಶದ್ದು, ಸಂಬಳ ಮಾತ್ರ ತನ್ನ ದರ್ಜೆಯದು.

ಇಲ್ಲೊಂದು ಸ್ವಾರಸ್ಯವಿದೆ. ಲಕ್ಷ್ಮಣ ಮೊದಲು ಆಡುತ್ತಿದ್ದುದು ಫುಟ್‌ಬಾಲ್. ಹಾಕಿಗೆ ತಿರುಗಿದ್ದು ಸೇನೆಗೆ ಸೇರಿದ ನಂತರ. ಹಾಕಿಯಲ್ಲಿ ಚೆಂಡು ಕಾಲಿಗೆ ತಾಗಿದರೆ ತಪ್ಪು. ಈ ನಿಯಮದಿಂದ ವಿನಾಯಿತಿ ಇರುವುದು ಗೋಲ್‌ಕೀಪರ್‌ಗೆ ಮಾತ್ರ. ತನ್ನ ವೃತ್ತದೊಳಗೆ ಆತ ಚೆಂಡನ್ನು ಒದೆಯಬಹುದು. ಫುಟ್‌ಬಾಲಿನಲ್ಲಿ ಪಳಗಿದ ಕಾಲಿಗೆ ಹಾಕಿಯಲ್ಲಿ ಕೆಲಸವಿದ್ದದ್ದು ಅದೊಂದೇ ಜಾಗದಲ್ಲಿ. ಲಕ್ಷ್ಮಣ ನಿಂತದ್ದೂ ಅಲ್ಲಿಯೇ.

ಆ ಜಾಗ ಸುಲಭದ್ದಲ್ಲ. ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಚೆಂಡು ಕ್ರಿಕೆಟ್ ಚೆಂಡಿನಷ್ಟೇ ಗಾತ್ರದ್ದು, ಅಷ್ಟೇ ಗಟ್ಟಿ. ಇಂದಿನ ಗೋಲ್‌ಕೀಪರ್ ತಲೆಗೆ ಹೆಲ್ಮೆಟ್, ಎದೆಗೆ ಕವಚ, ತೋಳಿಗೆ, ತೊಡೆಗೆ ದಪ್ಪನೆಯ ಮೆತ್ತೆ ಕಟ್ಟಿಕೊಂಡು ನಿಲ್ಲುತ್ತಾನೆ. ಲಕ್ಷ್ಮಣರ ಕಾಲದಲ್ಲಿ ಕಾಲಿಗೆ ಪ್ಯಾಡು, ಕೈಗೆ ಗವಸು, ಮುಖ ಬರಿದು. ಪೆನಾಲ್ಟಿ ಕಾರ್ನರ್ ಸಿಕ್ಕರೆ ಎದುರಾಳಿ ತಂಡದವನೊಬ್ಬ ಚೆಂಡನ್ನು ಕೈಯಿಂದ ನಿಲ್ಲಿಸಿಕೊಡುತ್ತಿದ್ದ. ಆಗ ಅದಕ್ಕೆ ಅನುಮತಿ ಇತ್ತು. ಇನ್ನೊಬ್ಬ ಇದ್ದ ಬಲವನ್ನೆಲ್ಲ ಹಾಕಿ ಬೀಸುತ್ತಿದ್ದ. ಮೈದಾನವೂ ಹುಲ್ಲಿನದು. ಒಲಿಂಪಿಕ್ಸ್‌ಗೆ ಕೃತಕ ಹಾಸು ಬಂದದ್ದು 1976ರಲ್ಲಿ. ಸಣ್ಣ ಉಬ್ಬು ಸಿಕ್ಕರೂ ಸಾಕು, ನೆಲದ ಮೇಲೆ ಬರುತ್ತಿದ್ದ ಚೆಂಡು ಚಿಮ್ಮಿ ಮುಖಕ್ಕೆ ಬರಬಹುದಿತ್ತು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಲಕ್ಷ್ಮಣ ಇದ್ದರು. ಆಗ ಅವರಿಗೆ 23 ವರ್ಷ. ಆ ಕೂಟದಲ್ಲಿ ಭಾರತ ಹೊಡೆದದ್ದು 38 ಗೋಲು. ಬಿಟ್ಟುಕೊಟ್ಟದ್ದು ಸೊನ್ನೆ. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಗೆದ್ದದ್ದು ರಣಧೀರ್ ಸಿಂಗ್ ಜಂಟಲ್ ಹೊಡೆದ ಒಂದೇ ಗೋಲಿನಿಂದ. 38ರ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆದರೆ 1–0 ಎಂಬ ಫಲಿತಾಂಶದಲ್ಲಿ ಒಂದಕ್ಕೆ ಇರುವಷ್ಟೇ ಬೆಲೆ ಸೊನ್ನೆಗೂ ಇದೆಯಲ್ಲವೇ?

ಆ ಸೊನ್ನೆ ತಪ್ಪಿದರೆ ಏನಾಗುತ್ತದೆ ಎಂಬುದು ನಾಲ್ಕು ವರ್ಷಗಳ ನಂತರ ರೋಮ್‌ನಲ್ಲಿ ಗೊತ್ತಾಯಿತು. 1928ರಿಂದ ಸತತವಾಗಿ ಆರು ಚಿನ್ನ ಗೆದ್ದಿದ್ದ ಭಾರತ 1960ರ ಸೆಪ್ಟೆಂಬರ್ 9ರ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಸೋತಿತು. ಅದೂ 0–1ರಿಂದ. ಗೋಲು ಹೊಡೆದವರು ನಸೀರ್ ಬುಂದಾ. ಗೋಲ್‌ಕೀಪರನ ಪಾಡು ಇದೇ. ಹತ್ತು ಹೊಡೆತ ತಡೆದರೆ ಅದು ಕರ್ತವ್ಯ, ಹನ್ನೊಂದನೆಯದು ಒಳಹೊಕ್ಕರೆ ಅದು ಇತಿಹಾಸ. ಮುಂಚೂಣಿಯ ಆಟಗಾರ ಕೈಚೆಲ್ಲಿದ ಅವಕಾಶಗಳನ್ನು ಜನ ಸಂಜೆಯೊಳಗೆ ಮರೆಯುತ್ತಾರೆ. ಗೋಲ್‌ಕೀಪರ್ ತಡೆಯದೆ ಬಿಟ್ಟ ಒಂದು ಚೆಂಡು ದಾಖಲೆಯ ಪುಸ್ತಕದಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಲಕ್ಷ್ಮಣರಿಗೆ ಉತ್ತರ ಕೊಡುವ ಅವಕಾಶ ಸಿಕ್ಕಿತು. 1964ರ ಟೋಕಿಯೊ ಒಲಿಂಪಿಕ್ಸ್. ಚರಣಜೀತ್ ಸಿಂಗ್ ನಾಯಕ. ಆ ತಂಡದಲ್ಲಿ ಬೆಳಗಾವಿಯವರೇ ಆದ ಬಂಡು ಪಾಟೀಲರೂ ಇದ್ದರು ಎಂಬುದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಮಾತು. ಅಕ್ಟೋಬರ್ 23ರಂದು ಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನವೇ ಎದುರಾಳಿ. ಮೊಹಿಂದರ್ ಲಾಲ್ ಭಾರತಕ್ಕೆ ಒಂದು ಗೋಲು ತಂದುಕೊಟ್ಟರು. ಅಲ್ಲಿಂದ ಮುಂದೆ ಉಳಿದದ್ದು ಕಾಯುವ ಕೆಲಸ. ಪಾಕಿಸ್ತಾನದ ದಾಳಿಗಳು ಒಂದರ ಮೇಲೊಂದು ಬಂದವು. ಲಕ್ಷ್ಮಣ ಒಂದನ್ನೂ ಒಳಗೆ ಬಿಡಲಿಲ್ಲ. ಭಾರತ 1–0ರಿಂದ ಗೆದ್ದಿತು. ಆ ದಿನ ಲಕ್ಷ್ಮಣರ ಕಣ್ಣಿಗೆ ಹಾಕಿಯ ಚೆಂಡು ಫುಟ್‌ಬಾಲಿನಷ್ಟು ದೊಡ್ಡದಾಗಿ ಕಂಡಿರಬೇಕು ಎಂಬ ಅರ್ಥದಲ್ಲಿ ವಿದೇಶದ ಹಾಕಿ ಪತ್ರಿಕೆಯೊಂದು ಬರೆಯಿತು. ಅವರು ಫುಟ್‌ಬಾಲ್ ಬಿಟ್ಟು ಬಂದವರೆಂದು ತಿಳಿದವರಿಗೆ ಈ ಮೆಚ್ಚುಗೆಯ ಸೊಗಸು ಇನ್ನೂ ಹೆಚ್ಚು.

ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. 1966ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟ ತಂಡಕ್ಕೆ ಲಕ್ಷ್ಮಣರೇ ನಾಯಕ. ಗೋಲ್‌ಕೀಪರನೊಬ್ಬ ದೇಶದ ತಂಡವನ್ನು ನಡೆಸಿದ್ದು ಆಗ ಹೊಸ ಸಂಗತಿ. ಮೈದಾನವನ್ನು ಪೂರ್ತಿಯಾಗಿ ಕಾಣುವವನು ಹಿಂದೆ ನಿಂತವನೇ ಆದ್ದರಿಂದ ಅದು ವಿವೇಕದ ಆಯ್ಕೆಯೂ ಹೌದು. ಹಿಂದಿನ ಎರಡು ಏಷ್ಯನ್ ಕೂಟಗಳಲ್ಲಿ ಭಾರತ ಬೆಳ್ಳಿಗೆ ನಿಂತಿತ್ತು. 1958ರಲ್ಲಂತೂ ಪಾಕಿಸ್ತಾನದೊಡನೆ 0–0 ಸಮ ಮಾಡಿಕೊಂಡು, ಗೋಲು ಸರಾಸರಿಯಲ್ಲಿ ಚಿನ್ನ ಕಳೆದುಕೊಂಡಿತ್ತು. ಬ್ಯಾಂಕಾಕ್‌ನ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಮತ್ತೆ ಅದೇ 1–0 ಅಂತರದಿಂದ ಸೋಲಿಸಿ ಭಾರತ ಏಷ್ಯನ್ ಕೂಟದ ಹಾಕಿಯಲ್ಲಿ ತನ್ನ ಮೊದಲ ಚಿನ್ನ ಗೆದ್ದಿತು. ಮರುವರ್ಷ, 1967ರಲ್ಲಿ, ಲಕ್ಷ್ಮಣರಿಗೆ ಪದ್ಮಶ್ರೀ ಬಂತು.

ಪದ್ಮಶ್ರೀ ಬಂದ ಮರುವರ್ಷವೇ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ತಂಡದಲ್ಲಿ ಅವರ ಹೆಸರಿರಲಿಲ್ಲ. ಭಾರತ ಆ ಸಲ ಕಂಚಿಗೆ ಇಳಿಯಿತು. ಒಲಿಂಪಿಕ್ಸ್ ಹಾಕಿಯ ಫೈನಲ್‌ಗೆ ಭಾರತ ತಲುಪದೆ ಹೋದದ್ದು ಅದೇ ಮೊದಲು. ಲಕ್ಷ್ಮಣರ ಅಂತರರಾಷ್ಟ್ರೀಯ ಆಟ ಅಲ್ಲಿಗೆ ಮುಗಿಯಿತು. ಅವರು ದಳದಲ್ಲಿ ಸೇವೆ ಮುಂದುವರಿಸಿ 1979ರಲ್ಲಿ ಕ್ಯಾಪ್ಟನ್ ದರ್ಜೆಯಲ್ಲಿ ನಿವೃತ್ತರಾದರು. ಆಟಗಾರರಾಗಿ ಕ್ಯಾಪ್ಟನ್, ಸೈನಿಕರಾಗಿಯೂ ಕ್ಯಾಪ್ಟನ್. ಅಲ್ಲಿಂದ ಮಹುವಿಗೆ ಮರಳಿ ಹೋದರು.

ಕೊನೆಯ ದಿನಗಳಲ್ಲಿ ಅವರನ್ನು ಕಾಡಿದ್ದು ಕಾಲಿಗೆ ಬಂದ ಗ್ಯಾಂಗ್ರೀನ್. ಎಷ್ಟೋ ಹೊಡೆತಗಳಿಗೆ ಅಡ್ಡ ನಿಂತಿದ್ದ ಕಾಲೇ ಅವರ ಜೀವಕ್ಕೆ ಎರವಾಯಿತು. 2006ರ ಏಪ್ರಿಲ್ 29ರಂದು ಮಹುವಿನಲ್ಲಿ ತೀರಿಕೊಂಡಾಗ ಎಷ್ಟೋ ಓದುಗರಿಗೆ ಶಂಕರ ಲಕ್ಷ್ಮಣ ಯಾರೆಂದು ಪತ್ರಿಕೆಗಳು ಮೊದಲಿನಿಂದ ವಿವರಿಸಬೇಕಾಯಿತು. ಎರಡು ಚಿನ್ನ, ಒಂದು ಬೆಳ್ಳಿ ಗೆದ್ದ ಒಲಿಂಪಿಕ್ ಆಟಗಾರನನ್ನು ದೇಶ ಇಷ್ಟು ಬೇಗ ಮರೆಯಬಹುದೇ ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟವೇನಲ್ಲ. ಅವರ ಸಾಧನೆ ಗೋಲಿನ ಪಟ್ಟಿಯಲ್ಲಿ ಇರಲಿಲ್ಲ. ನಡೆಯದೆ ಹೋದದ್ದಕ್ಕೆ ಪಟ್ಟಿ ಮಾಡುವ ಅಭ್ಯಾಸ ನಮಗಿರಲಿಲ್ಲ.

ಈಗ ಆ ಅಭ್ಯಾಸ ಸ್ವಲ್ಪ ಬದಲಾಗಿದೆ. 2021ರ ಆಗಸ್ಟ್ 5ರಂದು ಅದೇ ಟೋಕಿಯೊ ನಗರದಲ್ಲಿ ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಿತು. 41 ವರ್ಷಗಳ ಮೇಲೆ ಸಿಕ್ಕ ಪದಕ ಅದು. ಕೊನೆಯ ಕೆಲವೇ ಸೆಕೆಂಡು ಉಳಿದಿದ್ದಾಗ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರನ್ನು ತಡೆದವರು ಗೋಲ್‌ಕೀಪರ್ ಶ್ರೀಜೇಶ್. ಪಂದ್ಯ ಮುಗಿದ ಮೇಲೆ ಅವರು ಗೋಲಿನ ಚೌಕಟ್ಟಿನ ಮೇಲೇರಿ ಕುಳಿತರು. ಆ ಚಿತ್ರವನ್ನು ದೇಶವೆಲ್ಲ ನೋಡಿತು. ಅವರು ನಿವೃತ್ತರಾದಾಗ ಅವರ 16ನೆಯ ಸಂಖ್ಯೆಯ ಅಂಗಿಯನ್ನು ಹಿರಿಯರ ತಂಡದಲ್ಲಿ ಇನ್ನಾರಿಗೂ ಕೊಡುವುದಿಲ್ಲ ಎಂದು ಹಾಕಿ ಇಂಡಿಯಾ ಸಾರಿತು. ಲಕ್ಷ್ಮಣರಿಗೆ ತಡವಾಗಿಯಾದರೂ ಸಂದ ಗೌರವ ಇದು ಎಂದು ಹೇಳಲಾಗದು. ಆದರೆ ಇನ್ನು ಮುಂದಿನವರಿಗಾದರೂ ಆ ಮರೆವು ಬಾರದು ಎಂದು ನಂಬಬಹುದು.

ಕಾಯುವವನ ಕೆಲಸವೇ ಹೀಗೆ. ಗಡಿಯಲ್ಲಿ ಏನೂ ನಡೆಯದ ರಾತ್ರಿ ಎಂದರೆ ಯಾರೋ ಎಚ್ಚರವಾಗಿದ್ದ ರಾತ್ರಿ. ಇದು ಖಾನಾಪುರದ ಹಳ್ಳಿಗಳ ತಾಯಂದಿರಿಗೆ ಚೆನ್ನಾಗಿ ಗೊತ್ತು. ಸೈನಿಕ ಲಕ್ಷ್ಮಣರಿಗೂ ಗೊತ್ತಿದ್ದಿರಬೇಕು. ಇನ್ನೊಮ್ಮೆ ನಮ್ಮ ಗಲ್ಲಿಯ ಮೈದಾನದಲ್ಲಿ ಎರಡು ಕಲ್ಲುಗಳ ನಡುವೆ ಒಬ್ಬ ಚಿಕ್ಕ ಹುಡುಗ ಸಪ್ಪೆ ಮೋರೆ ಹಾಕಿಕೊಂಡು ನಿಂತದ್ದು ಕಂಡರೆ, ನಿಂತು ಅವನಿಗೆ ಶಂಕರ ಲಕ್ಷ್ಮಣರ ಕಥೆ ಹೇಳಿ.