ಹಸಿ ಹೊಲದಲ್ಲಿ ದನದ ಹೆಜ್ಜೆ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಷೇರು, ಗೊಬ್ಬರದ ಲೆಕ್ಕ ಬರೆಯುವವರು ಬೇರೆ ಇದ್ದಾರೆ. ನಾವು ಒಕ್ಕಲುತನದವರು. ಆ ಸಾಲ ತೀರಿಸುವ ಮಣ್ಣಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇವೆ.

ನಮ್ಮ ಸೀಮೆ 1956ರ ತನಕ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಹಿರಿಯರ ಕಾಲಕ್ಕೆ ಎರಿಹೊಲದಲ್ಲಿ ಹಿಂಗಾರಿ ಬಿಳಿಜೋಳವೇ ದೊಡ್ಡ ಪೀಕು. ಮಾಘದಲ್ಲಿ ಸುಗ್ಗಿಯಾಗಿ, ಕಣಕಿ ಬಣವಿ ಸೇರಿದ ಮೇಲೆ ದನ ಹೊಲಕ್ಕಿಳಿಯುತ್ತಿದ್ದವು. ಅಷ್ಟೊತ್ತಿಗೆ ನೆಲ ಒಣಗಿ ಬಿರಿದಿರುತ್ತಿತ್ತು. ದನ ತಿರುಗಾಡಿದರೆ ಕೆಡುಕಿಲ್ಲ, ಸೆಗಣಿ ಬಿದ್ದದ್ದೇ ಲಾಭ. ಮಂದಿಯ ದನ ನುಗ್ಗಿದರೆ 1871ರ ಕಾಯ್ದೆಯಂತೆ ಕೊಂಡವಾಡೆ ಇತ್ತು. ನಮ್ಮದೇ ದನ ನಮ್ಮದೇ ಹೊಲ ತುಳಿದರೆ ಕೇಳುವವರು ಯಾರು?

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು. ಮುಂದೆ ಗೋವಿನಜೋಳ ಹಬ್ಬಿತು. ಮುಂಗಾರಿಗೆ ಬಿತ್ತಿದ ಗೋವಿನಜೋಳ ದಸರೆ-ದೀಪಾವಳಿ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅದು ಹಿಂಗಾರಿ ಮಳೆಯ ಕಾಲ. ಹೀಗೆ ಪೀಕು ಬದಲಾದಂತೆ, ದನ ಹೊಲಕ್ಕಿಳಿಯುವ ಕಾಲವೂ ಒಣ ಮಾಘದಿಂದ ಹಸಿ ಆಶ್ವೀಜ-ಕಾರ್ತೀಕಕ್ಕೆ ಬಂದುಬಿಟ್ಟಿತು.

ಮೂರು-ನಾಲ್ಕು ಕ್ವಿಂಟಲ್ ತೂಗುವ ಆಕಳ ಭಾರವೆಲ್ಲ ನಾಲ್ಕು ಗೊರಸಿನ ಮೇಲೆ. ಹಸಿ ಎರಿ ಅದರಡಿ ಒತ್ತಿ, ಮಣ್ಣಿನೊಳಗಿನ ಸಣ್ಣ ಸಂದುಗಳು ಮುಚ್ಚುತ್ತವೆ. ಗಾಳಿ ಆಡದು, ನೀರು ಇಂಗದು. ಗೊರಸಿನ ಕುಣಿಯಲ್ಲಿ ನೀರು ನಿಂತು, ಒಣಗಿದ ಮೇಲೆ ಹೆಂಟೆ ಕಲ್ಲಾಗುತ್ತವೆ. ಹಿಂದೆಯೇ ಕಡಲೆ ಬಿತ್ತಹೋದರೆ ಕೂರಿಗೆ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಎರಿ ಬೇಸಿಗೆಗೆ ಬಿರಿದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಮಸಾರಿಗೆ ಆ ಗುಣ ಕಡಿಮೆ.

ಉಪಾಯ ಸರಳ. ಒಂದು ಹಿಡಿ ಮಣ್ಣು ಒತ್ತಿ ನೋಡಿರಿ. ಉಂಡೆ ಕಟ್ಟಿ ಕೈಗೆ ಅಂಟಿದರೆ ದನ, ಟ್ರ್ಯಾಕ್ಟರ್ ಎರಡೂ ಹೊರಗಿರಲಿ. ಸೊಪ್ಪಿ ಕೊಯ್ದು ತಂದು ಕೊಟ್ಟಿಗೆಯಲ್ಲೇ ಹಾಕಿರಿ. ತುಳಿದ ಹೊಲವನ್ನು ಹಸಿಯಲ್ಲಿ ಕೆದಕಬೇಡಿರಿ. ಹದಕ್ಕೆ ಬಂದ ಮೇಲೆ ಹರಗಿ, ತಿಪ್ಪೆ ಗೊಬ್ಬರ ಹಾಕಿರಿ. ಕುರಿ ನಿಲ್ಲಿಸುವುದೂ ಬೇಸಿಗೆಗೇ ಇರಲಿ.

ಒಂದು ತೊಡಕುಂಟು. ತುಂಡು ಹೊಲವಿಲ್ಲದೆ ಎರಡು ಎಮ್ಮೆ ಕಟ್ಟಿ ಸಂಸಾರ ನಡೆಸುವವರು ಊರಲ್ಲಿದ್ದಾರೆ. ಹೊಲದ ದಾರಿ ಮುಚ್ಚಿದರೆ ಅವರ ದನಕ್ಕೆ ಮೇವೆಲ್ಲಿ? ಮಳೆಗಾಲ ಮುಗಿಯುವತನಕ ಉಳ್ಳವರು ಹೆಚ್ಚಾದ ಸೊಪ್ಪಿಯನ್ನು ಅಂಥವರಿಗೆ ಕೊಯ್ದುಕೊಳ್ಳಲು ಬಿಟ್ಟರೆ ಅವರ ಹಾಲೂ ಉಳಿದೀತು, ನಮ್ಮ ಮಣ್ಣೂ ಉಳಿದೀತು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಒಬ್ಬರಿಗೊಬ್ಬರು ಆಗಲೆಂದೇ. ರೊಕ್ಕಕ್ಕೆ ಇರುವ ಆ ಸಹಕಾರ ಮೇವಿಗೂ ಬರಲಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ.