ಜಿಶಿನ್‌ಗುಮೋ

ಭೂಕಂಪದ ಮುನ್ಸೂಚನೆ ಎಂದು ನಂಬಲಾದ ಮೋಡಕ್ಕೆ ಜಪಾನೀಯರ ಹೆಸರು ‘ಜಿಶಿನ್‌ಗುಮೋ’. ‘ಜಿ’ ಎಂದರೆ ನೆಲ, ‘ಶಿನ್’ ಎಂದರೆ ನಡುಕ, ‘ಕುಮೋ’ ಎಂದರೆ ಮೋಡ. ಸಮಾಸದಲ್ಲಿ ಕಕಾರ ಗಕಾರವಾಗಿದೆ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆಗುವ ನಮ್ಮ ಆದೇಶಸಂಧಿಯನ್ನು ಅಷ್ಟು ದೂರದ ನುಡಿಯಲ್ಲಿ ಕಂಡಾಗ ಖುಷಿಯಾಗುತ್ತದೆ.

ಈ ಪದ ಜನರ ಬಾಯಿಗೆ ಬರಲು ಮುಖ್ಯ ಕಾರಣ ನಾರಾ ನಗರದ ಮೇಯರ್ ಆಗಿದ್ದ ಕಾಗಿದಾ ಚೂಝಾಬುರೋ. 1948ರ ಫುಕುಯಿ ಭೂಕಂಪಕ್ಕೆ ಮುನ್ನ ವಿಚಿತ್ರ ಮೋಡ ಕಂಡಿದ್ದಾಗಿ ಅವರು ಹೇಳಿಕೊಂಡಿದ್ದರು. ಕಲ್ಪನೆ ಮಾತ್ರ ಇನ್ನೂ ಹಳೆಯದು: 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ಭೂಕಂಪಲಕ್ಷಣದ ಅಧ್ಯಾಯದಲ್ಲಿ ಮೋಡಗಳ ರೂಪವನ್ನೂ ಶಕುನಗಳ ಸಾಲಿಗೆ ಸೇರಿಸಿದ್ದಾನೆ.

ಇಂದು ಆಕಾಶದಲ್ಲಿ ಉದ್ದನೆಯ ಪಟ್ಟಿಯೋ ಅಲೆಯಲೆಯಾದ ಮೋಡವೋ ಕಂಡರೆ ಜಪಾನಿನಲ್ಲಿ ಈ ಪದ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಅಂಥ ಪಟ್ಟಿ ಎಷ್ಟೋ ಸಲ ವಿಮಾನ ಬಿಟ್ಟುಹೋದ ಹೊಗೆಗೆರೆ. ಅಲೆಗಳು ಬೆಟ್ಟ ದಾಟುವ ಗಾಳಿಯ ಕೆಲಸ. ಮೈಗೆ ತಿಳಿಯುವಂಥ ಕಂಪನಗಳೇ ವರ್ಷಕ್ಕೆ ಸಾವಿರ ದಾಟುವ ನಾಡಿನಲ್ಲಿ ಯಾವ ಮೋಡದ ಬೆನ್ನಿಗೂ ಒಂದು ಕಂಪನ ಇದ್ದೇ ಇರುತ್ತದೆ. ನಂಬಿಕೆ ಬೇರೂರಿದ್ದು ಅಲ್ಲಿ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದೇ ಜಪಾನ್ ಹವಾಮಾನ ಇಲಾಖೆಯ ನಿಲುವು. ಇಲಾಖೆ 2007ರಿಂದ ಸಾರ್ವಜನಿಕರಿಗೆ ಕೊಡುತ್ತಿರುವ ಭೂಕಂಪದ ಎಚ್ಚರಿಕೆ ಹುಟ್ಟುವುದು ನೆಲ ನಡುಗತೊಡಗಿದ ಮೇಲೆ, ಕಂಪನಮಾಪಕಗಳಿಗೆ ತಲುಪುವ ಮೊದಲ ಅಲೆಗಳಿಂದ.