ಮಟ್ಟಿಯ ಮಣ್ಣು, ಶಾಲೆಯ ಬಯಲು

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಪ್ರೌಢಶಾಲೆಗಳ ಕ್ರೀಡಾಕೂಟ ಆರಂಭವಾಗುವ ಹೊತ್ತಿಗೆ, ಗುಬ್ಬಿಯಿಂದಲೂ ಕುಣಿಗಲಿನಿಂದಲೂ ನಸುಕಿನ ಬಸ್ಸು ಹಿಡಿದು ಬಂದ ಬಾಲಕ ಬಾಲಿಕೆಯರು ಧ್ವಜದ ಎದುರು ಸಾಲಾಗಿ ನಿಂತು, ಬಲಗೈಯನ್ನು ಮುಂದೆ ಚಾಚಿ, ನಿಯಮಗಳನ್ನು ಗೌರವಿಸಿ ಆಡುವೆವೆಂದು ಒಕ್ಕೊರಲಿನಿಂದ ಪ್ರತಿಜ್ಞೆ ಮಾಡುವರು. ಈ ಪ್ರತಿಜ್ಞಾವಿಧಿಯ ಮೂಲ ದೂರದೇಶದ್ದು. ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಮೊತ್ತಮೊದಲಿಗೆ ಕ್ರೀಡಾಪಟುವೊಬ್ಬನು ಇಂಥ ಪ್ರಮಾಣವಚನವನ್ನು ಉಚ್ಚರಿಸಿದನು. ಆದರೆ ಆಟಕ್ಕಿಳಿಯುವ ಎಳೆಯನು ಮೊದಲು ವ್ರತಕ್ಕಿಳಿಯಬೇಕೆಂಬ ಭಾವನೆ ಮಾತ್ರ ನಮ್ಮ ನೆಲಕ್ಕೆ ಹಡಗನ್ನೇರಿ ಬಂದುದಲ್ಲ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದುಂಟು. ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರು ಮಾಡತಕ್ಕ ವ್ಯಾಯಾಮವನ್ನು ವಿವರಿಸಿ, ಅರಮನೆಯ ಸ್ತ್ರೀಯರಿಂದ ಅವರು ದೂರವಿದ್ದು ದೇಹಸಾಧನೆಯೊಂದರಲ್ಲೇ ನಿರತರಾಗಿರಬೇಕೆಂದು ವಿಧಿಸುವ ಆ ಗ್ರಂಥವು, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸತಕ್ಕ ಹೊಣೆಯನ್ನು ಅರಸನ ಮೇಲೆ ಹೊರಿಸುತ್ತದೆ. ನನ್ನ ಮನಸ್ಸನ್ನು ಬಹುವಾಗಿ ಸೆಳೆದ ಸಂಗತಿ ಇದೇ: ನಿಯಮವು ಮಲ್ಲನನ್ನು ಕಟ್ಟಿಹಾಕುವಷ್ಟರಮಟ್ಟಿಗೆ ಅವನನ್ನು ಸಾಕುವವನನ್ನೂ ಕಟ್ಟಿಹಾಕಿತ್ತು. ಕೇವಲ ಆಜ್ಞೆ ಮಾಡುವವನಿಗೆ ಅಲ್ಲಿ ಸ್ಥಾನವಿರಲಿಲ್ಲ.

ಅರಸರ ಆಸ್ಥಾನದ ಈ ಶಿಸ್ತು ಕಾಲಕ್ರಮದಲ್ಲಿ ಊರ ಗರಡಿಮನೆಗೆ ಇಳಿದುಬಂದಿತು. ಹಳೆಯ ಮೈಸೂರು ಸೀಮೆಯ ಗರಡಿಯನ್ನು ಒಮ್ಮೆಯಾದರೂ ಹೊಕ್ಕವರಿಗೆ ಅದರ ಬಾಗಿಲು ಮರೆಯದು. ಅದು ಎಷ್ಟು ತಗ್ಗಾಗಿರುತ್ತಿತ್ತೆಂದರೆ, ಹತ್ತೂರ ಕುಸ್ತಿಯನ್ನು ಗೆದ್ದುಬಂದ ಪೈಲ್ವಾನನೂ ತಲೆ ಬಾಗಿಸಿಯೇ ಒಳಗೆ ಕಾಲಿಡಬೇಕಾಗಿತ್ತು. ಒಳಗೆ ಗೂಡಿನಲ್ಲಿ ಸಿಂಧೂರ ಬಳಿದ ಆಂಜನೇಯ, ಗೋಡೆಗೆ ಒರಗಿಸಿದ ಗದೆಗಳು, ಮರದ ಕರಲಾಕಟ್ಟೆಗಳು, ನಡುವೆ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣನ್ನು ಹರಳೊಂದೂ ಉಳಿಯದಂತೆ ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸಗಳನ್ನು ಬೆರಸಿ, ಬಿದ್ದವನ ಮೈಗೆ ಗಾಯವಾಗದಂತೆ, ಆದ ತರಚು ಕೀವುಗಟ್ಟದಂತೆ ಹದಗೊಳಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗನಿಗೆ ವಸ್ತಾದರು ಮೊದಲ ದಿವಸವೇ ಪಟ್ಟು ಕಲಿಸುತ್ತಿರಲಿಲ್ಲ. ಅವನ ಕೈಗೆ ಗುದ್ದಲಿಯನ್ನು ಕೊಟ್ಟು ಮಟ್ಟಿಯನ್ನು ಅಗೆಯೆನ್ನುತ್ತಿದ್ದರು. ತಾನು ಬೀಳಬೇಕಾದ ನೆಲವನ್ನು ತಾನೇ ಮೆತ್ತಗೆ ಮಾಡುವುದು, ಎದುರಾಳಿ ಬೀಳಬೇಕಾದ ನೆಲವನ್ನೂ ಅದರೊಡನೆಯೇ ಮೆತ್ತಗೆ ಮಾಡುವುದು ಗರಡಿಯ ಮೊದಲ ಪಾಠವಾಗಿತ್ತು. ಅನಂತರ ದಂಡ, ಬಸ್ಕಿ. ಅನಂತರ ಹಿರಿಯರ ಮೈ ತಿಕ್ಕುವ ಸೇವೆ. ಎಷ್ಟೋ ದಿವಸಗಳ ಮೇಲೆ ಜೋಡಿ ಹಿಡಿಯುವ ಅವಕಾಶ.

ಗರಡಿಯ ನಿಯಮಗಳನ್ನು ಯಾರೂ ಬರೆದು ತೂಗುಹಾಕಿರಲಿಲ್ಲ. ಆದರೂ ಓಣಿಯ ಹೆಂಗಸರಿಗೂ ಅವು ಬಾಯಿಪಾಠವಾಗಿದ್ದುವು. ಸೂರ್ಯೋದಯಕ್ಕೆ ಮುನ್ನ ಏಳಬೇಕು. ಬೀಡಿ ಹೆಂಡಗಳನ್ನು ಮುಟ್ಟಬಾರದು. ಮಟ್ಟಿಯ ಬಳಿ ಉಗುಳಬಾರದು, ಕೆರ ಮೆಟ್ಟಿ ಬರಬಾರದು. ಎಲ್ಲಕ್ಕೂ ಮಿಗಿಲಾಗಿ, ಇಲ್ಲಿ ಕಲಿತ ಪಟ್ಟನ್ನು ಬೀದಿಜಗಳದಲ್ಲಿ ಯಾರ ಮೇಲೂ ಪ್ರಯೋಗಿಸಬಾರದು. ತಪ್ಪಿದವನಿಗೆ ಹೆಚ್ಚುವರಿ ಬಸ್ಕಿಗಳ ದಂಡನೆಯಿತ್ತು. ಕಡುತಪ್ಪಿಗೆ ಇದ್ದ ಕಡುಶಿಕ್ಷೆಯೆಂದರೆ ಅವನನ್ನು ಕೆಲವು ದಿನ ಮಟ್ಟಿ ತುಳಿಯಗೊಡದೆ ಹೊಸ್ತಿಲಾಚೆ ನಿಲ್ಲಿಸುವುದು. ಇಷ್ಟನ್ನು ಹುಡುಗರಿಂದ ಬೇಡುತ್ತಿದ್ದ ವಸ್ತಾದರು ತಾವೂ ಅದೇ ಹೊತ್ತಿಗೆ ಎದ್ದು, ಅದೇ ಲಂಗೋಟಿ ಬಿಗಿದು, ಅದೇ ಮಣ್ಣನ್ನು ಹಣೆಗೆ ಒತ್ತಿಕೊಂಡು ಇಳಿಯುತ್ತಿದ್ದುದರಿಂದ ಅವರ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಈ ವ್ಯವಸ್ಥೆಯಲ್ಲಿ ಕೊರತೆಯಿರಲಿಲ್ಲವೆಂದು ನಾನು ಹೇಳಲಾರೆ. ಹೆಣ್ಣುಮಕ್ಕಳಿಗೆ ಆ ತಗ್ಗಿನ ಬಾಗಿಲು ಪೂರ್ತಿಯಾಗಿ ಮುಚ್ಚಿತ್ತು. ಕೋಪಿಷ್ಠನಾದ ವಸ್ತಾದನ ಕೈಯ ಬೆತ್ತಕ್ಕೆ ಅಳತೆಯೆಂಬುದಿರಲಿಲ್ಲ.

ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನೂ ಇಲ್ಲಿ ನೆನೆಯಬೇಕು. ಗುಬ್ಬಿ ವೀರಣ್ಣನವರು ಆ ಕಂಪನಿಗೆ ಸೇರಿದುದು ಇನ್ನೂ ಬಾಲಕರಾಗಿರುವಾಗಲೇ. ಕಂಪನಿಯ ಹುಡುಗರಿಗೂ ಗರಡಿಯ ಹುಡುಗರಂತೆಯೇ ಹಿರಿಯರೊಡನೆ ಉಂಡು, ಹಿರಿಯರೊಡನೆ ಮಲಗಿ, ಅವರ ಕಣ್ಣಳತೆಯಲ್ಲಿ ಬೆಳೆಯುವುದೇ ಶಿಕ್ಷಣವಾಗಿತ್ತು.

ಶಾಲೆಯ ಬಯಲಿಗೆ ಆಟ ಬಂದುದು ಬೇರೆ ದಾರಿಯಿಂದ. ಆಂಟ್‌ವರ್ಪಿನಲ್ಲಿ ಪ್ರತಿಜ್ಞೆ ನಡೆದ ಆ ೧೯೨೦ರಲ್ಲಿಯೇ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ೧೮೯೧ರಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲು, ೧೮೯೫ರಲ್ಲಿ ಹುಟ್ಟಿದ ವಾಲಿಬಾಲು ಇವೆರಡೂ ವೈ.ಎಂ.ಸಿ.ಎ. ಸಂಸ್ಥೆಯವರೇ ಅಮೆರಿಕದಲ್ಲಿ ಕಂಡುಹಿಡಿದ ಆಟಗಳು. ನಮ್ಮ ಖೋ ಖೋ ಆಟಕ್ಕೂ ಈ ವೇಳೆಗೆ, ೧೯೧೪ರಿಂದೀಚೆಗೆ, ಪುಣೆಯಲ್ಲಿ ಲಿಖಿತ ನಿಯಮಗಳು ಸಿದ್ಧವಾಗತೊಡಗಿದ್ದುವು. ಹೀಗೆ ಸೀಟಿಯೂ ಸುಣ್ಣದ ಗೆರೆಯೂ ನಿಯಮಪುಸ್ತಕವೂ ಕೂಡಿ, ಡ್ರಿಲ್ ಮಾಸ್ತರರೆಂಬ ಹೊಸ ಗುರುವರ್ಗವು ಹುಟ್ಟಿತು. ಲಿಖಿತ ನಿಯಮದಿಂದ ಆದ ಉಪಕಾರ ದೊಡ್ಡದು. ಬಡವನ ಮಗನಿಗೂ ಧಣಿಯ ಮಗನಿಗೂ ಸುಣ್ಣದ ಗೆರೆ ಒಂದೇ. ಆದರೆ ಗರಡಿಯ ನಿಯಮವು ದಿವಸದ ಇಪ್ಪತ್ತುನಾಲ್ಕು ಗಂಟೆಗಳನ್ನೂ ಆಳುತ್ತಿದ್ದಿತು. ಪುಸ್ತಕದ ನಿಯಮ ಸೀಟಿಯಿಂದ ಸೀಟಿಯವರೆಗೆ ಮಾತ್ರ ಆಳಿತು.

ಆ ಅಂತರವನ್ನು ತುಂಬಿದವರು ಕೆಲವರು ಮಾಸ್ತರರು. ನಾನು ಗುಬ್ಬಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಓದುತ್ತಿದ್ದಾಗ ಚಡುಗುಡು ಪಂದ್ಯಕ್ಕೆಂದು ನಮ್ಮನ್ನು ಕುಣಿಗಲಿಗೆ ಕರೆದುಕೊಂಡು ಹೋಗಿದ್ದರು. ದೊಡ್ಡಕೆರೆಯ ಮೇಲಿನಿಂದ ಗಾಳಿ ಬೀಸುತ್ತಿತ್ತು. ಒಂದು ಅಂಕದಲ್ಲಿ ಪಂದ್ಯ ನಿಂತಿತ್ತು. ಉಸಿರು ಹಿಡಿದು ಬಂದ ಎದುರಾಳಿಯ ಬೆರಳು ನನ್ನ ಮೊಣಕೈಗೆ ತಾಕಿದುದು ತೀರ್ಪುಗಾರರಿಗೆ ಕಾಣಲಿಲ್ಲ. ಗೆರೆಯಾಚೆ ನಿಂತಿದ್ದ ನಮ್ಮ ಮಾಸ್ತರರು ಕೂಗಲಿಲ್ಲ. ನನ್ನ ಕಡೆ ಸುಮ್ಮನೆ ನೋಡಿ, ತಮ್ಮ ಮೊಣಕೈಯನ್ನು ಎರಡು ಬೆರಳಿನಿಂದ ಮುಟ್ಟಿಕೊಂಡರು. ನಾನು ಹೊರಗೆ ಬಂದೆ, ನಾವು ಸೋತೆವು. ಹಿಂದಿರುಗುವ ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲಿ ಕುಳಿತು, ತಮಗೆಂದು ಕಟ್ಟಿಸಿಕೊಂಡು ಬಂದಿದ್ದ ಬುತ್ತಿಯಲ್ಲಿ ಅರ್ಧವನ್ನು ನನ್ನ ಕೈಗಿಟ್ಟರು. ಆ ದಿವಸದ ತಂಗಳು ರೊಟ್ಟಿಯ ರುಚಿ ಇಂದಿಗೂ ನಾಲಿಗೆಯಲ್ಲಿದೆ.

ಇಂಥದೇ ಶಿಸ್ತನ್ನು ಬಹು ವಿಸ್ತಾರವಾಗಿ ನೋಡಬೇಕಾದರೆ ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗೆಗೆ ಹೋಗಬೇಕು. ಆಟದ ಮಾತಿನ ನಡುವೆ ಮಠವೇಕೆಂದು ಓದುಗರು ಕೇಳಬಹುದು. ಹದಿಹರೆಯದ ಸಹಸ್ರಾರು ಬಾಲಕರು ಒಂದೇ ಬೆಟ್ಟದ ಬುಡದಲ್ಲಿ, ಜಾತಿಮತಗಳ ಭೇದವಿಲ್ಲದೆ ಬೆಳಗಿನ ಜಾವಕ್ಕೆ ಎದ್ದು, ಮಿಂದು, ಪ್ರಾರ್ಥಿಸಿ, ಒಂದೇ ಪಂಕ್ತಿಯಲ್ಲಿ ರಾಗಿಯ ಮುದ್ದೆ ಉಂಡು, ಸಂಜೆ ಮತ್ತೆ ಸಾಮೂಹಿಕ ಪ್ರಾರ್ಥನೆಗೆ ಸಾಲುಗೂಡುವ ಸ್ಥಳ ನಮ್ಮ ಜಿಲ್ಲೆಯಲ್ಲಿ ಬೇರೊಂದಿಲ್ಲವೆಂಬುದೇ ಅದಕ್ಕೆ ಉತ್ತರ. ೧೯೩೦ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, ಉದ್ದಾನ ಶಿವಯೋಗಿಗಳ ತರುವಾಯ ೧೯೪೧ರಲ್ಲಿ ಮಠದ ಹೊಣೆಯನ್ನು ಹೊತ್ತು, ೨೦೧೯ರಲ್ಲಿ ನೂರಹನ್ನೊಂದು ವರ್ಷದ ತುಂಬುಜೀವನವನ್ನು ಮುಗಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ಮೊದಲ ದಶಕಗಳಲ್ಲಿ ಹಳ್ಳಿಹಳ್ಳಿಗಳನ್ನು ಸುತ್ತಿ, ಈ ಮಕ್ಕಳ ಅನ್ನಕ್ಕಾಗಿ ಧಾನ್ಯವನ್ನು ಭಿಕ್ಷೆಯೆತ್ತಿ ತಂದರು. ಹುಡುಗರಿಗಿಂತ ಮುಂಚೆ ಏಳುತ್ತಿದ್ದವರು ಅವರು. ಹುಡುಗರಿಗಿಂತ ಕಡಮೆ ಉಣ್ಣುತ್ತಿದ್ದವರೂ ಅವರೇ. ಸೋಮೇಶ್ವರನು ಅರಸನಿಗೆ ವಿಧಿಸಿದ ಹೊಣೆಯನ್ನು ಕಾವಿಯುಟ್ಟ ಭಿಕ್ಷುವೊಬ್ಬರು ಹೊತ್ತ ಪರಿ ಇದು.

ಈಗಿನ ಸ್ಥಿತಿ ಬೇರೆಯಾಗಿದೆ. ೧೯೫೪ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು ಸ್ಥಾಪಿತವಾದಂದಿನಿಂದ ಶಾಲೆಯ ಆಟವು ರಾಷ್ಟ್ರಮಟ್ಟದವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರಿತು. ವಯಸ್ಸಿನ ದಾಖಲೆ, ಹಾಜರಿ, ಸಮವಸ್ತ್ರಗಳ ನಿಬಂಧನೆಗಳು ಬಂದುವು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತ ಹೋದುದಕ್ಕೆ ನಾನು ಲೇಶವೂ ಮರುಗುವುದಿಲ್ಲ. ಗರಡಿಗೆ ಕಾಲಿಡಲಾಗದಿದ್ದ ಹೆಣ್ಣುಮಕ್ಕಳು ಇಂದು ಅದೇ ಊರುಗಳಿಂದ ಬಂದು ಓಟದ ಗೆರೆಯಲ್ಲಿ ನಿಲ್ಲುವುದನ್ನು ಕಂಡು ಕಣ್ಣು ತಂಪಾಗುತ್ತದೆ. ಆದರೆ ಬೆತ್ತದೊಡನೆಯೇ ಬುತ್ತಿಯೂ ಹೋಯಿತೇನೋ ಎಂಬ ಕಳವಳ ಮಾತ್ರ ನನ್ನನ್ನು ಬಿಟ್ಟಿಲ್ಲ. ಸೂಚನಾಫಲಕಗಳಲ್ಲಿ ಮಕ್ಕಳು ಮಾಡತಕ್ಕುದರ ಪಟ್ಟಿ ಉದ್ದವಾಗಿದೆ. ದೊಡ್ಡವರು ಮಾಡತಕ್ಕುದರ ಸಾಲು ಒಂದೂ ಇಲ್ಲ.

ಆದುದರಿಂದ ತುಮಕೂರು, ಗುಬ್ಬಿ, ಕುಣಿಗಲುಗಳ ಮುಖ್ಯೋಪಾಧ್ಯಾಯರಲ್ಲಿಯೂ ವ್ಯಾಯಾಮಶಿಕ್ಷಕರಲ್ಲಿಯೂ ನನ್ನದೊಂದು ವಿಜ್ಞಾಪನೆ. ಕ್ರೀಡಾಕೂಟದ ಮುನ್ನಾದಿನ ಮಕ್ಕಳು ಬಯಲಿನ ಕಲ್ಲುಹರಳುಗಳನ್ನು ಆಯಲು ಬಾಗುವಾಗ, ದಯಮಾಡಿ ನೀವೂ ಅವರೊಡನೆ ಒಂದು ಗಳಿಗೆ ಬಾಗಿರಿ.